ಗಂಟಲು ನೋವು ಲೈಂಗಿಕ ಸೋಂಕಿನ ಲಕ್ಷಣವೇ?

ಪ್ರಶ್ನೆ: ನನಗೆ 24 ವರ್ಷ. ಊರು ಶಿವಮೊಗ್ಗದ ಕಡೆ, ಕೆಲಸ ಬೆಂಗಳೂರಿನಲ್ಲಿ. ಮದುವೆಯಾಗಿಲ್ಲ. ಸುಮಾರು ನಾಲ್ಕು ವಾರಗಳ ಹಿಂದೆ ಗೆಳೆಯನೊಂದಿಗೆ ಮೊದಲ ಬಾರಿ ದೈಹಿಕ ಸಂಪರ್ಕವಾಯಿತು. ಸಂಭೋಗದ ವೇಳೆ ಕಾಂಡೋಮ್ ಬಳಸಿದ್ದೆವು, ಮುಖಮೈಥುನದ ವೇಳೆ ಬಳಸಿರಲಿಲ್ಲ. ನಾಲ್ಕನೆಯ ದಿನ ಗಂಟಲು ನೋವು, ಮೂಗು ಸೋರುವುದು, ಸಣ್ಣ ಜ್ವರ ಶುರುವಾಯಿತು. ಔಷಧ ಅಂಗಡಿಯವರು ಅಜಿಥ್ರೋಮೈಸಿನ್ 500ರ ಮೂರು ಮಾತ್ರೆ ಕೊಟ್ಟರು. ಜ್ವರ ಹೋಯಿತು, ಗಂಟಲಿನ ಕಿರಿಕಿರಿ ಹೋಗಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ನಾಲಿಗೆಯ ಬುಡದಲ್ಲಿ ಕೆಂಪು ಗುಳ್ಳೆಗಳ ಸಾಲು, ಒಂದು ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ದವಡೆಯ ಕೆಳಗೆ ಒಂದು ಗಂಟು ಕೈಗೆ ಸಿಗುತ್ತದೆ. ಹನ್ನೆರಡನೆಯ ದಿನ ಎಚ್‌ಐವಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಗೆಳೆಯನಿಗೆ ಯಾವ ತೊಂದರೆಯೂ ಇಲ್ಲವಂತೆ. ಇದು ಎಚ್‌ಐವಿಯೇ, ಗೊನೋರಿಯಾವೇ? ತಂಗಿ ನನ್ನ ಜೊತೆಗೇ ಇದ್ದಾಳೆ, ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತೇವೆ. ಅವಳಿಗೂ ಬರುತ್ತದೆಯೇ? ಯಾವ ವೈದ್ಯರ ಬಳಿ ಹೋಗಲಿ, ಏನೆಂದು ಹೇಳಲಿ?

ಉತ್ತರ: ತಂಗಿಯ ವಿಚಾರ ಚಿಕ್ಕದು, ಅದನ್ನು ಮೊದಲು ಮುಗಿಸೋಣ. ಒಂದೇ ಬಾಟಲಿಯ ನೀರು, ಒಂದೇ ತಟ್ಟೆ, ಒಂದೇ ಶೌಚಾಲಯ, ಇವುಗಳಿಂದ ಎಚ್‌ಐವಿ ಬರುವುದಿಲ್ಲ. ಗೊನೋರಿಯಾ, ಸಿಫಿಲಿಸ್‌ನಂಥ ಲೈಂಗಿಕ ಸೋಂಕುಗಳು ಹರಡುವ ದಾರಿಯೂ ಇವಲ್ಲ. ನಿಮ್ಮಿಂದ ಅವಳಿಗೆ ಬರಬಹುದಾಗಿದ್ದದ್ದು ನೆಗಡಿ. ಬರುವುದಿದ್ದರೆ ಅದು ಇಷ್ಟು ಹೊತ್ತಿಗೆ ಬಂದು ಹೋಗಿರುತ್ತಿತ್ತು.

ಇನ್ನು ನಿಮ್ಮ ವಿಚಾರ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಈ ಗಂಟಲು ನೋವು ಯಾವುದರಿಂದ ಬಂತು ಎಂಬುದು ಒಂದು. ಆ ದಿನದ ಸಂಪರ್ಕದಿಂದ ಸೋಂಕು ತಗುಲಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಿತು ಎಂದು ನೀವು ಅಂದುಕೊಂಡಿದ್ದೀರಿ. ನನ್ನ ಬಳಿ ಇದೇ ಭಯ ಹೊತ್ತು ಬರುವ ಬಹುತೇಕರು ಹಾಗೆಯೇ ಅಂದುಕೊಂಡಿರುತ್ತಾರೆ. ಆದರೆ ಗಂಟಲು ನೋಯುವವರಲ್ಲಿ ಹೆಚ್ಚಿನವರಿಗೆ ಲೈಂಗಿಕ ಸೋಂಕು ಇರುವುದಿಲ್ಲ. ಗಂಟಲಲ್ಲಿ ಲೈಂಗಿಕ ಸೋಂಕು ಇರುವವರಲ್ಲಿ ಹೆಚ್ಚಿನವರಿಗೆ ಗಂಟಲು ನೋಯುವುದೇ ಇಲ್ಲ. ನೋವಿದೆ ಎಂದು ಹೆದರಿ ಕೂರುವುದು, ನೋವು ಹೋಯಿತೆಂದು ಪರೀಕ್ಷೆ ಕೈಬಿಡುವುದು, ಎರಡೂ ತಪ್ಪು ಲೆಕ್ಕವೇ. ಪರೀಕ್ಷೆ ಬೇಕೇ, ಯಾವಾಗ ಬೇಕು ಎಂಬುದನ್ನು ತೀರ್ಮಾನಿಸುವುದು ನಡೆದ ಸಂಪರ್ಕ ಮತ್ತು ಅಂದಿನಿಂದ ಕಳೆದ ದಿನಗಳು. ನಿಮ್ಮ ಮಟ್ಟಿಗೆ ಹೇಳುವುದಾದರೆ, ನೋವು ಬಹುಪಾಲು ನೆಗಡಿಯದ್ದು. ಪರೀಕ್ಷೆ ಮಾತ್ರ ಬೇಕೇ ಬೇಕು.

ನೆಗಡಿ ಎಂದು ಯಾಕೆ ಹೇಳುತ್ತಿದ್ದೇನೆ? ಮೂಗು ಸೋರಿತು ಎಂದು ಬರೆದಿದ್ದೀರಿ. ಗಂಟಲು ನೋವಿನ ಜೊತೆ ಮೂಗು ಸೋರುವುದು, ಸೀನು, ಕೆಮ್ಮು, ದನಿ ಒಡೆಯುವುದು ಇದ್ದರೆ ಅದು ಸಾಮಾನ್ಯವಾಗಿ ಉಸಿರಾಟದ ವೈರಸ್‌ನ ಕೆಲಸ. ಇಂಥ ವೈರಸ್‌ಗಳು ಒಳಗೆ ಹೊಕ್ಕ ಒಂದರಿಂದ ಮೂರು ನಾಲ್ಕು ದಿನಗಳಲ್ಲಿ ಲಕ್ಷಣ ತೋರಿಸುತ್ತವೆ. ಇಬ್ಬರು ಹತ್ತಿರ ಇದ್ದರು, ಮುತ್ತು ಕೊಟ್ಟುಕೊಂಡರು, ಒಬ್ಬರ ನೆಗಡಿ ಇನ್ನೊಬ್ಬರಿಗೆ ಬಂತು. ನಡೆದದ್ದು ಇಷ್ಟೇ ಇರಬಹುದು. ಅಥವಾ ಕಚೇರಿಯಲ್ಲಿ ಪಕ್ಕದ ಕುರ್ಚಿಯವರು ಸೀನಿದ್ದರಿಂದಲೂ ಬಂದಿರಬಹುದು.

ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವೂ ಇದೆ. ಅದರಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೋಕಾಕಸ್. ವಯಸ್ಕರ ಗಂಟಲು ನೋವಿನಲ್ಲಿ ಅದರ ಪಾಲು ಸುಮಾರು ಶೇ 10. ಅದನ್ನು ಅಂದಾಜು ಮಾಡಲು ರಾಬರ್ಟ್ ಸೆಂಟರ್ ಎಂಬ ಅಮೆರಿಕದ ವೈದ್ಯರು 1981ರಲ್ಲಿ ಕೊಟ್ಟ ನಾಲ್ಕು ಗುರುತುಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ: ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಮತ್ತು ಕೆಮ್ಮು ಇಲ್ಲದಿರುವುದು. ನಾಲ್ಕೂ ಇದ್ದರೆ ಅನುಮಾನ ಬಲವಾಗುತ್ತದೆ. ಒಂದೋ ಎರಡೋ ಇದ್ದರೆ ಸಾಮಾನ್ಯವಾಗಿ ಉಪ್ಪುನೀರಿನ ಗಾರ್ಗಲ್ ಸಾಕು.

ಈಗ ಟಾರ್ಚ್ ಹಾಕಿ ನೀವು ಕಂಡದ್ದಕ್ಕೆ ಬರೋಣ. ಗಂಟಲನ್ನು ಇಷ್ಟು ಹತ್ತಿರದಿಂದ ನೀವು ಜೀವಮಾನದಲ್ಲಿ ಮೊದಲ ಸಲ ನೋಡಿದ್ದೀರಿ. ಮೊದಲ ಸಲ ನೋಡಿದವರಿಗೆಲ್ಲ ಅಲ್ಲಿ ರೋಗವೇ ಕಾಣುತ್ತದೆ. ನಾಲಿಗೆಯನ್ನು ಪೂರ್ತಿ ಹೊರಚಾಚಿದಾಗ ಅದರ ಬುಡದಲ್ಲಿ, ಗಂಟಲಿನ ಕಡೆಗೆ ಮೊನೆಯಿರುವ ಒಂದು ಬಾಣದ ಆಕಾರದಲ್ಲಿ, ಸಾಲಾಗಿ ಎಂಟರಿಂದ ಹನ್ನೆರಡು ದುಂಡನೆಯ ಕೆಂಪು ಉಬ್ಬುಗಳು ಕಾಣುತ್ತವೆ. ಅವು ರುಚಿಯ ಮೊಗ್ಗುಗಳನ್ನು ಹೊತ್ತ ಅಂಗಗಳು. ಹುಟ್ಟಿದಾಗಿನಿಂದ ಅಲ್ಲೇ ಇವೆ, ನಿಮ್ಮ ತಂಗಿಯ ನಾಲಿಗೆಯಲ್ಲೂ ಇವೆ. ಎರಡೂ ಕಡೆ ಸರಿಸಮನಾಗಿ, ಸಾಲಿನಲ್ಲಿ ಇರುವುದೇ ಅವುಗಳ ಗುರುತು. ರೋಗದ ಗುಳ್ಳೆಗೆ ಇಂಥ ಶಿಸ್ತು ಇರುವುದಿಲ್ಲ. ಕಿರುನಾಲಿಗೆಯ ಹಿಂದಿನ ಗೋಡೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಉಬ್ಬುಗಳು ಚದುರಿದಂತೆ ಕಂಡರೆ ಅದು ಮೂಗಿನಿಂದ ಹಿಂದಕ್ಕೆ ಇಳಿಯುವ ಸಿಂಬಳ ಅಥವಾ ಹೊಟ್ಟೆಯಿಂದ ಮೇಲೆ ಬರುವ ಹುಳಿಯಿಂದ ಕೆರಳಿದ ಗಂಟಲಿನ ಗುರುತು. ಧೂಳಿನ ಅಲರ್ಜಿ ಇರುವವರಲ್ಲಿ ಇದು ವರ್ಷವಿಡೀ ಇರುತ್ತದೆ.

ಟಾನ್ಸಿಲ್ ಮೇಲಿನ ಬಿಳಿ ಚುಕ್ಕೆ ಬೇರೆ ಬೇರೆ ಇರಬಹುದು. ಟಾನ್ಸಿಲ್‌ನ ಮೈತುಂಬ ಸಣ್ಣ ಕುಳಿಗಳಿವೆ. ಅವುಗಳಲ್ಲಿ ಊಟದ ಕಣ, ಉದುರಿದ ಜೀವಕೋಶ, ಬ್ಯಾಕ್ಟೀರಿಯಾ ಸೇರಿ ಗಟ್ಟಿಯಾಗಿ ಬಿಳಿ ಹರಳಿನಂತೆ ಕೂರುತ್ತವೆ. ಕೆಮ್ಮಿದಾಗ ಕೆಲವೊಮ್ಮೆ ಹೊರಬೀಳುತ್ತವೆ, ಬೆರಳಲ್ಲಿ ಹಿಸುಕಿದರೆ ಕೆಟ್ಟ ವಾಸನೆ. ಜ್ವರವಿಲ್ಲ, ನುಂಗಲು ತೊಂದರೆಯಿಲ್ಲ, ಚುಕ್ಕೆ ಮಾತ್ರ ವಾರಗಟ್ಟಲೆ ಒಂದೇ ಜಾಗದಲ್ಲಿದೆ ಎಂದರೆ ಬಹುಮಟ್ಟಿಗೆ ಇದೇ. ಹತ್ತಿ ಸುತ್ತಿದ ಕಡ್ಡಿ, ಪಿನ್ನು ಹಾಕಿ ಅದನ್ನು ಕೀಳಲು ಹೋಗಬೇಡಿ. ದವಡೆಯ ಕೆಳಗಿನ ಗಂಟು ಕೂಡ ನೆಗಡಿಯ ಬೆನ್ನಿಗೆ ಊದಿಕೊಂಡ ಹಾಲ್ರಸ ಗ್ರಂಥಿ (ಲಿಂಫ್ ನೋಡ್) ಇರಬೇಕು. ಸೋಂಕು ಹೋದ ಮೇಲೂ ಅದು ಕರಗಲು ವಾರಗಳೇ ಬೇಕಾಗಬಹುದು. ದಿನಕ್ಕೆ ಹತ್ತು ಸಲ ಬೆರಳಿಟ್ಟು ಒತ್ತಿ ನೋಡುತ್ತಿದ್ದರೆ ಆ ಒತ್ತುವುದರಿಂದಲೇ ನೋಯತೊಡಗುತ್ತದೆ, ನೋಯುತ್ತಿದೆ ಎಂದು ಮತ್ತೆ ಒತ್ತುತ್ತೀರಿ. ಬೆರಳನ್ನು ಅಲ್ಲಿಂದ ತೆಗೆಯಿರಿ. ಟಾರ್ಚನ್ನೂ ಒಳಗಿಡಿ.

ಔಷಧ ಅಂಗಡಿಯ ಆ ಮೂರು ಮಾತ್ರೆಗಳ ಬಗ್ಗೆ ನನಗೆ ಸಿಟ್ಟಿದೆ, ನಿಮ್ಮ ಮೇಲಲ್ಲ. ಗಂಟಲು ನೋವು ಎಂದ ಕೂಡಲೇ ಅಜಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಕೊಡುವುದು ನಮ್ಮಲ್ಲಿ ಕಷಾಯ ಕೊಟ್ಟಷ್ಟು ಸಲೀಸಾಗಿದೆ. ವೈರಸ್ ನೆಗಡಿಗೆ ಅದು ಏನೂ ಮಾಡುವುದಿಲ್ಲ. ನಿಮ್ಮ ಜ್ವರ ಅದರ ಪಾಡಿಗೆ ಅದು ಇಳಿದಿದೆ, ಮಾತ್ರೆಗೆ ಹೆಸರು ಬಂತು. ಒಂದು ವೇಳೆ ಗಂಟಲಲ್ಲಿ ಗೊನೋರಿಯಾ ಇದ್ದಿದ್ದರೂ ಇದು ನಂಬುವಂಥ ಚಿಕಿತ್ಸೆಯಾಗುತ್ತಿರಲಿಲ್ಲ. ಗೊನೋರಿಯಾದ ಬ್ಯಾಕ್ಟೀರಿಯಾ ಒಂದಾದ ಮೇಲೊಂದು ಔಷಧಿಯನ್ನು ಸೋಲಿಸುತ್ತಾ ಬಂದಿದೆ: ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಈಗ ಹಲವು ದೇಶಗಳಲ್ಲಿ ಅಜಿಥ್ರೋಮೈಸಿನ್. ಈ ಆಟ ಹೆಚ್ಚಾಗಿ ನಡೆಯುವುದು ಗಂಟಲಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. ನಮ್ಮೆಲ್ಲರ ಗಂಟಲಲ್ಲೂ ಇದೇ ಕುಲದ, ನೈಸೀರಿಯಾ ಎಂಬ ನಿರುಪದ್ರವಿ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಸಣ್ಣಪುಟ್ಟದ್ದಕ್ಕೆಲ್ಲ ಆಂಟಿಬಯಾಟಿಕ್ ನುಂಗಿದಾಗ ಅವು ಪ್ರತಿರೋಧ ಬೆಳೆಸಿಕೊಳ್ಳುತ್ತವೆ. ಹೊಸದಾಗಿ ಬಂದ ಗೊನೋರಿಯಾ ಬ್ಯಾಕ್ಟೀರಿಯಾ ಅದೇ ಗಂಟಲಲ್ಲಿ ತಂಗಿದಾಗ ಆ ಪ್ರತಿರೋಧದ ಜೀನುಗಳನ್ನು ಅವುಗಳಿಂದ ಪಡೆದುಕೊಳ್ಳುತ್ತದೆ.

ಹಾಗಾದರೆ ಗಂಟಲಿನ ಗೊನೋರಿಯಾ ಹೇಗಿರುತ್ತದೆ? ಹತ್ತರಲ್ಲಿ ಒಂಬತ್ತು ಜನರಲ್ಲಿ ಅದು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ತೋರಿಸಿದರೆ ಸಾದಾ ಗಂಟಲು ನೋವಿನಂತೆಯೇ ಇರುತ್ತದೆ, ಸ್ವಲ್ಪ ಕೆಂಪು, ಕೆಲವೊಮ್ಮೆ ಕತ್ತಿನಲ್ಲಿ ಗಂಟು. ನೋಡಿ ಗುರುತಿಸುವುದು ನನಗೂ ಸಾಧ್ಯವಿಲ್ಲ, ಯಾವ ವೈದ್ಯರಿಗೂ ಸಾಧ್ಯವಿಲ್ಲ. ಸೋಂಕಿರುವ ಪುರುಷನ ಜನನಾಂಗವನ್ನು ಬಾಯಿಗೆ ತೆಗೆದುಕೊಂಡಾಗ ಅದು ಗಂಟಲಿಗೆ ತಗುಲುತ್ತದೆ. ಸ್ತ್ರೀಯ ಜನನಾಂಗದಿಂದ ಪುರುಷನ ಗಂಟಲಿಗೆ ತಗುಲುವ ಸಾಧ್ಯತೆ ಇದಕ್ಕಿಂತ ಕಡಿಮೆ. ಹಲವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಅಲ್ಲಿಯವರೆಗೂ ಅದು ಸಂಗಾತಿಗೆ ದಾಟಬಲ್ಲದು. ಅಪರೂಪಕ್ಕೆ ರಕ್ತಕ್ಕೆ ಸೇರಿ ಜ್ವರ, ಕೀಲು ಬಾವು, ಚರ್ಮದ ಮೇಲೆ ಕೀವುಗುಳ್ಳೆ ತರುತ್ತದೆ.

ಗೆಳೆಯನಿಗೆ ತೊಂದರೆಯಿಲ್ಲ ಎಂಬ ಮಾತಿಗೆ ಇಲ್ಲಿ ಸ್ವಲ್ಪ ಬೆಲೆಯಿದೆ. ಪುರುಷರ ಮೂತ್ರನಾಳದಲ್ಲಿ ಗೊನೋರಿಯಾ ಇದ್ದರೆ ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಉರಿಮೂತ್ರ, ಕೀವು ಸೋರುವುದು ಕಾಣಿಸಿಕೊಳ್ಳುತ್ತದೆ. ಅವರಿಗೆ ಅಂಥದ್ದೇನೂ ಇರಲಿಲ್ಲ ಎಂಬುದು ನಿಜವಾದರೆ ಗೊನೋರಿಯಾದ ಸಾಧ್ಯತೆ ಇಳಿಯಿತು. ಆದರೆ ಅಲ್ಲಿಗೆ ಆ ಮಾತಿನ ಬೆಲೆ ಮುಗಿಯಿತು. ಕ್ಲಮೈಡಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕು ಪುರುಷರಲ್ಲೂ ಬಹುಪಾಲು ಮೌನವಾಗಿಯೇ ಇರುತ್ತದೆ. ಸಿಫಿಲಿಸ್‌ನ ಹುಣ್ಣು ನೋಯುವುದಿಲ್ಲವಾದ್ದರಿಂದ ಗಮನಕ್ಕೇ ಬಂದಿರುವುದಿಲ್ಲ. ಎಚ್‌ಐವಿ ವರ್ಷಗಟ್ಟಲೆ ಯಾವ ಸುಳಿವೂ ಕೊಡದೆ ಇರಬಲ್ಲದು. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಿಲ್ಲ, ಅವರಿಗೇ ಗೊತ್ತಿಲ್ಲದಿರಬಹುದು.

ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ, ಎಚ್ಚರದಿಂದಿರಿ. ಗಂಟಲಿನ ಸ್ವಾಬ್ ಕಲ್ಚರ್ (ಕಡ್ಡಿಯಿಂದ ಒರೆಸಿ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಎಂದು ಚೀಟಿ ಬರೆದುಕೊಟ್ಟರೆ ಪ್ರಯೋಗಾಲಯದವರು ಸಾಮಾನ್ಯವಾಗಿ ಸ್ಟ್ರೆಪ್ಟೋಕಾಕಸ್‌ನಂಥವನ್ನು ಹುಡುಕುತ್ತಾರೆ. ಗೊನೋರಿಯಾದ ಬ್ಯಾಕ್ಟೀರಿಯಾ ನಾಜೂಕಿನದ್ದು. ಅದು ಬೆಳೆಯಲು ಥೇಯರ್ ಮಾರ್ಟಿನ್‌ನಂಥ ಬೇರೆ ಪೋಷಕ ಮಾಧ್ಯಮ ಬೇಕು, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿ ಬೇಕು. ಕೇಳದಿದ್ದರೆ ಯಾರೂ ಅದನ್ನು ಇಡುವುದಿಲ್ಲ. ವರದಿಯಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದು ಬರುತ್ತದೆ, ನೀವು ನಿರಾಳವಾಗುತ್ತೀರಿ. ಹುಡುಕದೇ ಇದ್ದದ್ದು ಸಿಗಲಿಲ್ಲ, ಅಷ್ಟೆ. ನಿಮಗೆ ಬೇಕಾದದ್ದು ಗೊನೋರಿಯಾ ಮತ್ತು ಕ್ಲಮೈಡಿಯಾದ ಪಿಸಿಆರ್ ಮಾದರಿಯ ಪರೀಕ್ಷೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಿರಲ್ಲ, ಅದೇ ಜಾತಿಯದ್ದು. ಇಲ್ಲಿ ಕಡ್ಡಿಯನ್ನು ಎರಡೂ ಟಾನ್ಸಿಲ್ ಮತ್ತು ಹಿಂದಿನ ಗೋಡೆಗೆ ಉಜ್ಜುತ್ತಾರೆ. ಒಂದೆರಡು ಸೆಕೆಂಡ್ ಓಕರಿಕೆ ಬರುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ. ಜೊತೆಗೆ ಯೋನಿಯ ಸ್ವಾಬ್ ಕೂಡ ಕೊಡಿ; ಕಾಂಡೋಮ್ ಅಪಾಯವನ್ನು ಬಹಳ ತಗ್ಗಿಸುತ್ತದೆ, ಪೂರ್ತಿ ತೊಡೆದುಹಾಕುವುದಿಲ್ಲ. ನೀವು ಮಾತ್ರೆ ನುಂಗಿ ಎರಡು ವಾರ ದಾಟಿರುವುದರಿಂದ ಈಗ ಕೊಟ್ಟ ಮಾದರಿಯ ಫಲಿತಾಂಶವನ್ನು ನಂಬಬಹುದು. ಹೋಗುವ ದಿನ ಔಷಧಿಯ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಬೇಡಿ.

ಗಂಟಲಿನ ಮಾದರಿಯಲ್ಲಿ ಗೊನೋರಿಯಾ ಪಾಸಿಟಿವ್ ಬಂದರೆ ಬ್ಯಾಕ್ಟೀರಿಯಾದ ಇನ್ನೊಂದು ಜೀನನ್ನೂ ನೋಡಿ ಖಚಿತಪಡಿಸಿದ್ದಾರೆಯೇ ಎಂದು ಕೇಳಿ. ಮೇಲೆ ಹೇಳಿದ ನಿರುಪದ್ರವಿ ನೆಂಟರು ಕೆಲವು ಕಿಟ್‌ಗಳನ್ನು ಏಮಾರಿಸುವುದುಂಟು. ಖಚಿತವಾದರೆ ಚಿಕಿತ್ಸೆ ಸೆಫ್ಟ್ರಿಯಾಕ್ಸೋನ್ ಎಂಬ ಒಂದೇ ಚುಚ್ಚುಮದ್ದು. ಬಾಯಿಂದ ನುಂಗುವ ಸೆಫಿಕ್ಸಿಮ್ ಜನನಾಂಗದಲ್ಲಿ ಕೆಲಸ ಮಾಡಿದಷ್ಟು ಗಂಟಲಲ್ಲಿ ಮಾಡುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸರಕಾರಿ ಚಿಕಿತ್ಸಾಲಯಗಳಲ್ಲಿ ಲಕ್ಷಣ ನೋಡಿ ಬಣ್ಣದ ಪೊಟ್ಟಣಗಳಲ್ಲಿ ಮಾತ್ರೆ ಕೊಡುವ ಪದ್ಧತಿ ಇದೆ. ಸ್ರಾವಕ್ಕೆಂದು ಇರುವ ಬೂದು ಬಣ್ಣದ ಮೊದಲ ಕಿಟ್‌ನಲ್ಲಿ ಇರುವುದು ಅಜಿಥ್ರೋಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ. ಜನನಾಂಗದ ಸ್ರಾವಕ್ಕೆ ಅದು ಸರಿ, ಖಚಿತವಾದ ಗಂಟಲ ಸೋಂಕಿಗೆ ಸಾಲದು. ಚುಚ್ಚುಮದ್ದಿನ ನಂತರ ಸುಮಾರು ಎರಡು ವಾರಕ್ಕೆ ಗಂಟಲಿನ ಮಾದರಿಯನ್ನು ಮತ್ತೆ ಪರೀಕ್ಷಿಸಬೇಕು. ಬೇರೆ ಜಾಗಕ್ಕಿಂತ ಗಂಟಲಿನಿಂದ ಇದನ್ನು ಓಡಿಸುವುದು ಕಷ್ಟ.

ಬಾಯಿ ಮುಕ್ಕಳಿಸುವ ದ್ರವದಿಂದ ಇದನ್ನು ತಡೆಯಬಹುದೇ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸರಿಯಾದ ಪ್ರಯೋಗವನ್ನೇ ಮಾಡಿ ನೋಡಿದರು. ಪ್ರಯೋಜನ ಕಾಣಲಿಲ್ಲ.

ಈಗ ಎಚ್‌ಐವಿ. ನಿಮ್ಮ ನಿದ್ದೆ ಕೆಡಿಸಿರುವುದು ಇದೇ ಎಂದು ಗೊತ್ತು. ಹೊಸದಾಗಿ ಎಚ್‌ಐವಿ ತಗುಲಿದವರಲ್ಲಿ ಅನೇಕರಿಗೆ ಎರಡರಿಂದ ನಾಲ್ಕು ವಾರಗಳ ನಡುವೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಹಲವೆಡೆ ಗಂಟುಗಳು, ಬಾಯಿಹುಣ್ಣು, ವಿಪರೀತ ಸುಸ್ತು ಒಟ್ಟಾಗಿ ಬರುತ್ತವೆ ಎಂಬುದು ನಿಜ. ಅಂತರಜಾಲದಲ್ಲಿ ನೀವು ಓದಿದ್ದು ಇದನ್ನೇ. ಆದರೆ ನಾಲ್ಕನೆಯ ದಿನಕ್ಕೆ ಅದು ಬರುವುದಿಲ್ಲ. ಮೂಗು ಸೋರುವುದು ಅದರ ಲಕ್ಷಣವೂ ಅಲ್ಲ. ಇನ್ನು ಅಪಾಯದ ಅಳತೆ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ 0.2. ಮುಖಮೈಥುನದಿಂದ ಎಚ್‌ಐವಿ ದಾಟುವ ಸಾಧ್ಯತೆ ಅತ್ಯಲ್ಪ. ಬಾಯಲ್ಲಿ ಹುಣ್ಣು, ವಸಡಿನಲ್ಲಿ ರಕ್ತ, ವೀರ್ಯ ಬಾಯೊಳಗೆ ಬಿದ್ದದ್ದು ಇದ್ದರೆ ಸ್ವಲ್ಪ ಏರುತ್ತದೆ, ಆದರೂ ಅಲ್ಪವೇ. ಸಂಭೋಗದಲ್ಲಿ ಕಾಂಡೋಮ್ ಹರಿಯದೆ ಇದ್ದಿದ್ದರೆ ಅಲ್ಲಿಯೂ ರಕ್ಷಣೆ ಇತ್ತು. ಇವೆಲ್ಲವನ್ನೂ ಕೂಡಿಸಿ ನೋಡಿದರೆ ನಿಮಗೆ ಎಚ್‌ಐವಿ ಬಂದಿರುವ ಸಾಧ್ಯತೆ ಬಹಳ ಬಹಳ ಕಡಿಮೆ.

ಹನ್ನೆರಡನೆಯ ದಿನದ ನೆಗೆಟಿವ್ ವರದಿ ಈ ಸಂಪರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಹೇಳುವುದು ಅದಕ್ಕೂ ಹಿಂದಿನ ನಿಮ್ಮ ಸ್ಥಿತಿಯನ್ನು. ರಕ್ತನಾಳದಿಂದ ರಕ್ತ ತೆಗೆದು ಆಂಟಿಜೆನ್ (ವೈರಸ್‌ನದೇ ತುಣುಕು) ಮತ್ತು ಆಂಟಿಬಾಡಿ (ಅದರ ವಿರುದ್ಧ ದೇಹ ತಯಾರಿಸುವ ವಸ್ತು) ಎರಡನ್ನೂ ನೋಡುವ ನಾಲ್ಕನೆಯ ತಲೆಮಾರಿನ ಪರೀಕ್ಷೆ ಮಾಡಿಸಿದರೆ 45 ದಿನಗಳ ಫಲಿತಾಂಶವನ್ನು ಕೊನೆಯದೆಂದು ಹಿಡಿಯಬಹುದು. ಬೆರಳ ತುದಿಯ ರಕ್ತದಲ್ಲಿ ಮಾಡುವ ಶೀಘ್ರ ಪರೀಕ್ಷೆಯಾದರೆ 90 ದಿನ ಕಾಯಬೇಕು. ನಿಮಗೆ ಈಗ ನಾಲ್ಕು ವಾರ. ಇನ್ನು ಎರಡೂವರೆ ವಾರ ಕಾದು ಒಂದೇ ಸಲ ಮಾಡಿಸಿ. ಪ್ರತಿ ಮೂರನೆಯ ದಿನ ಒಂದೊಂದು ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಟ್ಟು ಬರುವವರನ್ನು ನೋಡಿದ್ದೇನೆ. ಅವರ ಭಯ ಒಂದು ಗುಂಜಿಯೂ ಇಳಿದದ್ದನ್ನು ನೋಡಿಲ್ಲ. ಮತ್ತೊಂದು ಮಾತು, ಇದು ನಿಮಗಿಂತ ಓದುವ ಇತರರಿಗೆ: ನಿಜವಾದ ಅಪಾಯವಿರುವ ಸಂಪರ್ಕ ನಡೆದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಎಚ್‌ಐವಿ ತಡೆ ಮಾತ್ರೆಗಳಿವೆ. ಬೇಗ ಹೋದಷ್ಟೂ ಒಳ್ಳೆಯದು. ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರವಿರುವ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು.

ನನ್ನನ್ನು ಕೇಳಿದರೆ, ಜನ ಎಚ್‌ಐವಿಗೆ ಹೆದರುವುದರಲ್ಲಿ ಕಾಲು ಭಾಗವನ್ನಾದರೂ ಸಿಫಿಲಿಸ್‌ಗೆ ಮೀಸಲಿಡಬೇಕು. ಅದು ಬಾಯಿಂದ ಸಲೀಸಾಗಿ ದಾಟುತ್ತದೆ. ತಗುಲಿದ 10ರಿಂದ 90 ದಿನಗಳಲ್ಲಿ, ಸರಾಸರಿ ಮೂರು ವಾರಕ್ಕೆ, ತಗುಲಿದ ಜಾಗದಲ್ಲೇ ಒಂದು ಹುಣ್ಣು ಏಳುತ್ತದೆ. ತುಟಿ, ನಾಲಿಗೆ, ಟಾನ್ಸಿಲ್, ಎಲ್ಲಿ ಬೇಕಾದರೂ. ಅಂಚು ಗಟ್ಟಿ, ನೋವು ಸಾಮಾನ್ಯವಾಗಿ ಇರುವುದಿಲ್ಲ. ಖಾರ ತಾಗಿದರೆ ಜೀವ ಹೋಗುವಂತೆ ಉರಿಯುವ, ಹಳದಿ ನಡು ಮತ್ತು ಕೆಂಪು ಅಂಚಿನ ಸಾದಾ ಬಾಯಿಹುಣ್ಣಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮೂರರಿಂದ ಆರು ವಾರಕ್ಕೆ ಅದು ಚಿಕಿತ್ಸೆಯಿಲ್ಲದೆಯೂ ಮಾಯುತ್ತದೆ. ಗುಣವಾಯಿತೆಂದು ಸುಮ್ಮನಾದವರಿಗೆ ವಾರಗಳ ನಂತರ ಎರಡನೆಯ ಹಂತ ಬರುತ್ತದೆ: ಗಂಟಲು ನೋವು, ಸಣ್ಣ ಜ್ವರ, ಬಾಯೊಳಗೆ ಬೂದು ಬಿಳಿ ಮಚ್ಚೆ, ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ತಾಮ್ರವರ್ಣದ ದದ್ದು, ಅಲ್ಲಲ್ಲಿ ಕೂದಲು ಉದುರುವುದು. ಗಂಟಲು ನೋವಿನ ಜೊತೆ ಅಂಗೈಯಲ್ಲಿ ದದ್ದು ಕಂಡರೆ ಅಲರ್ಜಿ ಮಾತ್ರೆ ನುಂಗಿ ಮಲಗಬೇಡಿ. ಪರೀಕ್ಷೆ ರಕ್ತದ್ದು: ವಿಡಿಆರ್‌ಎಲ್ ಅಥವಾ ಆರ್‌ಪಿಆರ್, ಅದರ ಜೊತೆ ಖಚಿತಪಡಿಸಲು ಟಿಪಿಎಚ್‌ಎ. ಈಗ ಒಮ್ಮೆ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ. ಆರಂಭದಲ್ಲೇ ಸಿಕ್ಕರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ನ ಒಂದೇ ಡೋಸ್ ಸಾಕು. ಇಷ್ಟು ಹಳೆಯ, ಇಷ್ಟು ಅಗ್ಗದ ಔಷಧಿ ಇಂದಿಗೂ ಈ ರೋಗದ ಮೇಲೆ ಕೈಕೊಟ್ಟಿಲ್ಲ.

ಹರ್ಪಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸಲ ಬಂದಾಗ ಬಾಯಿ, ವಸಡು, ಗಂಟಲಿನಲ್ಲಿ ಗುಂಪುಗುಂಪಾಗಿ ನೀರುಗುಳ್ಳೆ ಎದ್ದು ಒಡೆದು ಹುಣ್ಣಾಗಿ, ನೀರು ನುಂಗಲೂ ಅಳು ಬರುವಷ್ಟು ನೋಯುತ್ತದೆ. ನೀವು ಬರೆದದ್ದು ಹಾಗಿಲ್ಲ. ಮುತ್ತಿನಿಂದಲೂ ಹರಡುವ ಮೊದಲನೆಯ ಬಗೆಯ ಹರ್ಪಿಸ್ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರಿಗೆ ಇದ್ದೇ ಇದೆ, ಹೆಚ್ಚಿನವರಿಗೆ ಬಾಲ್ಯದಲ್ಲೇ ಬಂದಿರುತ್ತದೆ. ಗುಳ್ಳೆಯಿಲ್ಲದಾಗ ಹರ್ಪಿಸ್‌ನ ರಕ್ತಪರೀಕ್ಷೆ ಮಾಡಿಸಬೇಡಿ. ಪಾಸಿಟಿವ್ ಬಂದರೂ ಅದು ಯಾವಾಗಿನದ್ದು, ಎಲ್ಲಿಯದ್ದು ಎಂದು ಹೇಳಲಾಗದು. ಹೊಸ ಚಿಂತೆ ಮಾತ್ರ ಗಂಟು ಬೀಳುತ್ತದೆ. ಇದೂ ಸರ್ಪಸುತ್ತೂ ಒಂದೇ ಅಲ್ಲ, ಅದು ಬೇರೆ ವೈರಸ್. ಎಚ್‌ಪಿವಿ ಎಂಬ ವೈರಸ್ ಕೂಡ ಹೀಗೆ ತಟ್ಟನೆ ಗಂಟಲು ನೋವು ತರುವುದಿಲ್ಲ. ನಿಮಗೆ 24 ವರ್ಷವಾದ್ದರಿಂದ ಅದರ ಲಸಿಕೆಗೆ ಇನ್ನೂ ಕಾಲವಿದೆ. ನಮ್ಮಲ್ಲೇ ತಯಾರಾಗುವ ಸರ್ವಾವ್ಯಾಕ್ ಸೇರಿದಂತೆ 26 ವರ್ಷದವರೆಗೆ ಹಾಕುತ್ತಾರೆ, ನಿಮ್ಮ ವಯಸ್ಸಿಗೆ ಆರು ತಿಂಗಳಲ್ಲಿ ಮೂರು ಡೋಸ್. ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಅದು ಹೇಗೂ ಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಿ.

ಎಲ್ಲಿಗೆ ಹೋಗುವುದು? ಫಲಕದಲ್ಲಿ ಚರ್ಮ ಮತ್ತು ಗುಹ್ಯರೋಗ ತಜ್ಞರು ಎಂದು ಬರೆದುಕೊಂಡವರ ಓದಿನಲ್ಲೇ ಈ ರೋಗಗಳೂ ಸೇರಿವೆ. ಬೌರಿಂಗ್, ವಿಕ್ಟೋರಿಯಾದಂಥ ಬೆಂಗಳೂರಿನ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ವಿಭಾಗವೇ ಇದೆ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಲೈಂಗಿಕ ಸೋಂಕುಗಳಿಗೆಂದೇ ಇವೆ, ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಉಚಿತ. ಎಲ್ಲಿದೆ ಎಂದು ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆಮಾಡಿ. ಗಂಟಲಿನ ಪಿಸಿಆರ್ ಮಾತ್ರ ಎಲ್ಲ ಕಡೆ ಸಿಗುವುದಿಲ್ಲ, ಅದಕ್ಕೆ ದೊಡ್ಡ ಖಾಸಗಿ ಪ್ರಯೋಗಾಲಯವನ್ನೇ ಕೇಳಬೇಕಾದೀತು.

ಒಳಗೆ ಹೋದ ಮೇಲೆ ಏನು ಹೇಳುವುದು ಎಂದು ಕೇಳಿದ್ದೀರಿ. ಇಷ್ಟು ಹೇಳಿ: "ನಾಲ್ಕು ವಾರಗಳ ಹಿಂದೆ ಕಾಂಡೋಮ್ ಇಲ್ಲದೆ ಮುಖಮೈಥುನವಾಗಿದೆ. ಗಂಟಲಿನ ಸ್ವಾಬ್ ಸೇರಿದಂತೆ ಲೈಂಗಿಕ ಸೋಂಕುಗಳ ಪರೀಕ್ಷೆ ಬೇಕು." ಬರೆದುಕೊಂಡು ಹೋಗಿ ಚೀಟಿ ಚಾಚಿದರೂ ಆದೀತು. ಬರೀ ಗಂಟಲು ನೋವು ಎಂದು ಹೇಳಿದರೆ ನಿಮಗೆ ಸಿಗುವುದು ಮತ್ತೊಂದು ಪಟ್ಟಿ ಅಜಿಥ್ರೋಮೈಸಿನ್. ಮದುವೆಯಾಗಿದೆಯೇ ಎಂದು ಕೇಳುತ್ತಾರೆ. ನಮ್ಮ ಕಡೆ ಕೇಳದೆ ಬಿಡುವವರು ಕಡಿಮೆ. ಇಲ್ಲ ಎಂದು ಹೇಳಿ ಮುಂದಿನ ಮಾತಿಗೆ ಹೋಗಿ. ನಿಮಗೆ 18 ದಾಟಿದೆ, ಯಾರ ಅನುಮತಿಯೂ ಬೇಡ, ಊರಿನ ಮನೆಗೆ ಸುದ್ದಿ ಮುಟ್ಟಿಸುವ ಹಕ್ಕು ಯಾವ ವೈದ್ಯರಿಗೂ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ನೀತಿಪಾಠ ಶುರುಮಾಡಿದರೆ ಎದ್ದು ಬನ್ನಿ. ಅಂಥವರಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಲ್ಲದವರೂ ಬೇಕಾದಷ್ಟು ಇದ್ದಾರೆ.

ತಿಂಗಳಾದರೂ ಕಿರಿಕಿರಿ ಯಾಕೆ ಹೋಗಿಲ್ಲ ಎಂಬುದು ಉಳಿಯಿತು. ನೆಗಡಿ ಬಿಟ್ಟುಹೋದ ಮೇಲೂ ಗಂಟಲು ಮೂರು ನಾಲ್ಕು ವಾರ ಕೆರಳಿಯೇ ಇರುವುದು ಸಾಮಾನ್ಯ. ಅದರ ಮೇಲೆ ರಾತ್ರಿ ಎಚ್ಚರವಿದ್ದು ಕುಡಿಯುವ ಕಾಫಿ, ತಡವಾಗಿ ಉಂಡು ಕೂಡಲೇ ಮಲಗುವುದರಿಂದ ಮೇಲೇರುವ ಹುಳಿ, ಹವಾನಿಯಂತ್ರಣದ ಒಣಗಾಳಿ, ಮತ್ತೆ ಮತ್ತೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಒಂದನ್ನು ಗಮನಿಸಿ: ಅನ್ನ, ರೊಟ್ಟಿ ಸಲೀಸಾಗಿ ಇಳಿಯುತ್ತದೆ, ಸುಮ್ಮನೆ ಕೂತು ಎಂಜಲು ನುಂಗಿದಾಗ ಮಾತ್ರ ಏನೋ ಸಿಕ್ಕಿಕೊಂಡಂತಿದೆ ಎಂದರೆ ಅದು ಗಂಟಲಿನ ಸ್ನಾಯುಗಳ ಬಿಗಿತ. ಚಿಂತೆ ಹೆಚ್ಚಿದಷ್ಟೂ ಅದು ಬಿಗಿಯುತ್ತದೆ. ರಾತ್ರಿಯ ಊಟ ಮತ್ತು ಮಲಗುವುದರ ನಡುವೆ ಎರಡು ಮೂರು ಗಂಟೆ ಬಿಡಿ, ಬಿಸಿನೀರಿಗೆ ಉಪ್ಪು ಹಾಕಿ ಗಾರ್ಗಲ್ ಮಾಡಿ, ಗಂಟಲು ಕೆರೆಯಬೇಕೆನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ. ಇನ್ನೆರಡು ವಾರಕ್ಕೂ ಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವ ಮಾತೇ ಇಲ್ಲ. ಬಾಯಿ ತೆರೆಯಲು ಆಗದಿರುವುದು, ಜೊಲ್ಲನ್ನೂ ನುಂಗಲಾಗದಿರುವುದು, ಬಿಸಿ ಅನ್ನ ಬಾಯಲ್ಲಿಟ್ಟುಕೊಂಡು ಮಾತಾಡಿದಂತೆ ದನಿ ಬದಲಾಗುವುದು, ಒಂದೇ ಬದಿ ಊದಿ ಕಿರುನಾಲಿಗೆ ಆಚೆಗೆ ಸರಿದಿರುವುದು ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿದ್ದರ ಗುರುತು. ಉಸಿರಾಡುವಾಗ ಸದ್ದು, ಗಂಟಲಲ್ಲಿ ಕಿತ್ತರೆ ರಕ್ತ ಬರುವ ಬೂದು ಪೊರೆ, ಇವೂ ಕಾಯಬಾರದ ಲಕ್ಷಣಗಳೇ. ಅಂಥಾಗ ಸೀದಾ ತುರ್ತು ವಿಭಾಗಕ್ಕೆ ಹೋಗಿ, ನಡುರಾತ್ರಿಯಾದರೂ.

ಈ ವಾರದ ಸ್ವಾಬ್, ರಕ್ತದ ವರದಿ ಬರುವವರೆಗೆ ಗೆಳೆಯನೊಂದಿಗೆ ಮುಖಮೈಥುನವೂ ಸೇರಿ ಎಲ್ಲವನ್ನೂ ನಿಲ್ಲಿಸಿ. ಅವರಿಗೂ ಪರೀಕ್ಷೆ ಮಾಡಿಸಲು ಹೇಳಿ. ಅನುಮಾನದಿಂದ ಕೇಳಿದಂತಾಗುತ್ತದೆ ಎಂದು ಅಳುಕಬೇಡಿ, ನಾನೂ ಮಾಡಿಸುತ್ತಿದ್ದೇನೆ ಎಂದು ಸೇರಿಸಿದರೆ ಮಾತು ಹಗುರಾಗುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಗೊನೋರಿಯಾ ಅಥವಾ ಕ್ಲಮೈಡಿಯಾ ಕಂಡರೂ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು, ಆಮೇಲೆ ಏಳು ದಿನ ದೂರವಿರಬೇಕು. ವಿಡಿಆರ್‌ಎಲ್ ದುರ್ಬಲ ಪಾಸಿಟಿವ್ ಬಂದು ಟಿಪಿಎಚ್‌ಎ ನೆಗೆಟಿವ್ ಇದ್ದರೆ ಗಾಬರಿಯಾಗಬೇಡಿ. ವೈರಲ್ ಜ್ವರಗಳು, ಗರ್ಭಧಾರಣೆ, ಲೂಪಸ್‌ನಂಥ ಕಾಯಿಲೆಗಳಲ್ಲೂ ಹಾಗೆ ಬರುತ್ತದೆ. ಕೆಲವು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿ, ಎರಡೂ ವರದಿಗಳನ್ನು ಒಟ್ಟಿಗೆ ವೈದ್ಯರಿಗೆ ತೋರಿಸಿ.